ಬಸವೇಶ್ವರನಗರದ ಬಣ್ಣ ಮಾಸಿದ ಪದ್ಮಿನಿ

ಕಳೆದ ವಾರ್ಷಿಕ ಮಹಾಸಭೆ ಮುಗಿದು ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಹಿರಿಯ ಸದಸ್ಯರೊಬ್ಬರು ನಮ್ಮ ಪಕ್ಕದ ಎಲೆಗೆ ಬಂದು ಕುಳಿತರು. ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ತಂದೆಯವರ ಕಾಲದ ಅಂಬಾಸಿಡರ್ ಕಾರೊಂದು ಅಡಿಕೆ ಸಿಪ್ಪೆಯ ಧೂಳು ಕುಡಿಯುತ್ತಾ ನಿಂತಿದೆಯಂತೆ. ಬಣ್ಣವೆಲ್ಲ ಹೋಗಿ ಬೂದಿ ಬಳಿದಂತಾಗಿದೆ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾನೆ. “ಕೊಟ್ಟುಬಿಡಲೋ, ಇಟ್ಟುಕೊಳ್ಳಲೋ, ನೀವೇ ಹೇಳಿ ಕಾರ್ಯದರ್ಶಿಗಳೇ” ಎಂದರು. ಸಂಘದ ಕಾರ್ಯದರ್ಶಿಯಾದವನಿಗೆ ಗೊಬ್ಬರದ ದರದಿಂದ ಹಿಡಿದು ಮಗಳ ಜಾತಕದವರೆಗೆ ಎಲ್ಲವೂ ತಿಳಿದಿರಬೇಕೆಂಬುದು ನಮ್ಮ ಸದಸ್ಯರ ನಂಬಿಕೆ. ಆ ದಿನ ನಾವು ಉತ್ತರ ಕೊಡಲಿಲ್ಲ. ಏಕೆಂದರೆ ನಮ್ಮದೇ ಒಂದು ಹಳೆಯ ಕಾರು ಬೆಂಗಳೂರಿನ ಬಸವೇಶ್ವರನಗರದಲ್ಲಿ ಅದೇ ಸ್ಥಿತಿಯಲ್ಲಿ ನಿಂತಿತ್ತು, ಅದನ್ನು ಏನು ಮಾಡಬೇಕೆಂಬುದು ನಮಗೇ ತಿಳಿದಿರಲಿಲ್ಲ. ಈಗ ಆ ಕೆಲಸ ಮುಕ್ಕಾಲು ಪಾಲು ಮುಗಿದಿದೆ. ನಾವು ಮೆಕ್ಯಾನಿಕ್ಕರೂ ಅಲ್ಲ, ಪೇಂಟರೂ ಅಲ್ಲ. ಕೈ ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾರು ಪ್ರೀಮಿಯರ್ ಪದ್ಮಿನಿ, 1978ರದು. ಅದು ನಮ್ಮ ಮನೆಗೆ ಬಂದದ್ದು ಬ್ರೆಜಿಲ್ ದೇಶದ ಚಳಿಯ ಪುಣ್ಯದಿಂದ ಎಂದರೆ ಕಾಫಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1975ರ ಜುಲೈನಲ್ಲಿ ಬ್ರೆಜಿಲಿನ ಪರಾನಾ ಪ್ರಾಂತ್ಯದಲ್ಲಿ ಹಿಮ ಬಿದ್ದು ಕೋಟ್ಯಂತರ ಕಾಫಿ ಗಿಡಗಳು ಕರಕಲಾದವು. ಅದರ ಫಲವಾಗಿ 1976 ಮತ್ತು 77ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಯಾರೂ ಎಣಿಸದಷ್ಟು ಏರಿತು. ಆಗ ನಮ್ಮ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲಿಗೇ ಹೋಗಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. 1996ರಲ್ಲಿ ಆ ವ್ಯವಸ್ಥೆ ಪೂರ್ತಿ ಮುಗಿಯಿತೆಂಬುದು ಈಗಿನ ಹುಡುಗರಿಗೆ ಕಥೆಯಂತೆ ಕೇಳಿಸುತ್ತದೆ. ಅಪ್ಪಯ್ಯ ಅದಕ್ಕೂ ಎಷ್ಟೋ ಮೊದಲೇ ಧೈರ್ಯ ಮಾಡಿ ಕಾರಿಗೆ ಹೆಸರು ನೋಂದಾಯಿಸಿಟ್ಟಿದ್ದರು. ಆ ಕಾಲದಲ್ಲಿ ಕಾರು ಬೇಕೆಂದರೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ನಮ್ಮ ಸರದಿಯ ಕಾಗದ ಬಂದ ಹೊತ್ತಿಗೆ ಸರಿಯಾಗಿ ಪೂಲಿನ ಕಂತೂ ಬಂದಿತ್ತು. ನಮಗಾಗ ಒಂಬತ್ತು ವರ್ಷ. ನೀಲಿ ಬಣ್ಣದ ಕಾರು ಗೇಟಿನೊಳಗೆ ಬಂದದ್ದು, ಅಮ್ಮ ಕುಂಕುಮದ ನೀರು ನಿವಾಳಿಸಿದ್ದು, ಆ ಕೆಂಪು ನೀರು ಬಾನೆಟ್ಟಿನ ಮೇಲೆ ಚೆಲ್ಲಿತೆಂದು ಅಪ್ಪಯ್ಯ ತಮ್ಮ ಪಂಚೆಯ ತುದಿಯಿಂದಲೇ ಒರೆಸಿದ್ದು ಚೆನ್ನಾಗಿ ನೆನಪಿದೆ.

ಈ ಕಾರಿನ ಪೂರ್ವಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು ಮತ್ತು ಅಮೆರಿಕಗಳನ್ನು ಸುತ್ತಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಕಾರ್ಖಾನೆಯನ್ನು ಬೆಂಗಳೂರಿನಲ್ಲೇ ಸ್ಥಾಪಿಸಲು ಮೈಸೂರು ಸಂಸ್ಥಾನವೂ ಮನಸ್ಸು ಮಾಡಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದರೂ ಮೈಸೂರು ಸರ್ಕಾರವೂ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಅದೇ ಇಂದಿನ ಎಚ್.ಎ.ಎಲ್. ಕಾರಿನ ಕಂಪನಿ ಮಾತ್ರ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು. ಇಟಲಿಯ ಫಿಯೆಟ್ 1100 ಕಾರನ್ನು ಕುರ್ಲಾದಲ್ಲಿ ತಯಾರಿಸುತ್ತಿದ್ದ ಆ ಕಂಪನಿಯೇ 1974ರಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟಿತು. ಹೆಸರು ಬದಲಾದರೂ ನಮ್ಮ ಮಲೆನಾಡಿನಲ್ಲಿ ಎಲ್ಲರೂ ಕಡೆಯವರೆಗೂ ಅದನ್ನು ಫಿಯೆಟ್ ಎಂದೇ ಕರೆದರು. 1089 ಸಿ.ಸಿ.ಯ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದೆ ಒಂದೇ ಉದ್ದನೆಯ ಸೀಟು. ಶತಮಾನದ ತಿರುವಿನಲ್ಲಿ ಇದರ ಉತ್ಪಾದನೆ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಸರಿಯಿತು.

ನಮ್ಮ ಕಾರು ತೋಟದಲ್ಲಿ 26 ವರ್ಷ ದುಡಿಯಿತು. ದುಡಿಯಿತು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ, ಅದರ ವಿವರ ಮುಂದೆ ಬರುತ್ತದೆ. 2004ರಲ್ಲಿ ಅಪ್ಪಯ್ಯ ಮತ್ತು ಅಮ್ಮ ಬಸವೇಶ್ವರನಗರದ ಮನೆಗೆ ಹೋದಾಗ ಕಾರೂ ಅವರ ಜೊತೆಗೆ ಹೋಯಿತು. ನಮ್ಮ ಓದಿಗೆಂದು ಕಟ್ಟಿಸಿದ್ದ ಆ ಮನೆಯಲ್ಲಿ ಈಗ ತಂಗಿಯ ಸಂಸಾರವಿದೆ. ಕವಿ ಸಿದ್ದಯ್ಯ ಪುರಾಣಿಕರ ಹೆಸರಿನ ರಸ್ತೆಯಿಂದ ಒಳಗೆ ಎರಡು ತಿರುವು. ಅಪ್ಪಯ್ಯ ಹಾವನೂರು ವೃತ್ತದವರೆಗೆ ತರಕಾರಿಗೆ, ರಾಜಾಜಿನಗರದವರೆಗೆ ಬ್ಯಾಂಕಿಗೆ ಎಂದು ಕಾರನ್ನು ಓಡಿಸಿಕೊಂಡಿದ್ದರು. ಕಣ್ಣು ಮಂದವಾದ ಮೇಲೆ ಬಿಟ್ಟರು. ಅಲ್ಲಿಂದ ಆರು ವರ್ಷ ಕಾರು ಮನೆಯ ಮುಂದಿನ ಹೊಂಗೆ ಮರದ ಕೆಳಗೆ, ಅಡಿಕೆ ಮುಚ್ಚುವ ಪ್ಲಾಸ್ಟಿಕ್ ಟಾರ್ಪಾಲಿನೊಳಗೆ ನಿಂತಿತು. ಆ ಅವಧಿಯಲ್ಲೇ ಅಪ್ಪಯ್ಯ ತೀರಿಕೊಂಡರು. ನೋಂದಣಿಯ ಅವಧಿಯೂ ಮುಗಿಯಿತು.

ಹೋದ ವರ್ಷ ಯುಗಾದಿಗೆ ಹೋದಾಗ ಮನೆಯಲ್ಲಿ ಇದೇ ಮಾತು. ಕಾರಿನ ಜಾಗದಲ್ಲಿ ಸ್ಕೂಟರುಗಳನ್ನು ನಿಲ್ಲಿಸಬಹುದೆಂದು ತಂಗಿ. ಗುಜರಿಗೆ ಹಾಕಿದರೆ ಬರುವುದೆಷ್ಟು ಎಂದು ಭಾವ. ಸೋದರಳಿಯನದು ಬೇರೆಯೇ ಕನಸು. ಕಪ್ಪು ಹಾಳೆ ಅಂಟಿಸಿ, ದಪ್ಪ ಚಕ್ರ ಹಾಕಿಸಿ, “ಸೂಪರಾಗಿ ಕಾಣತ್ತೆ ಮಾವ” ಎಂದ. ಎಲ್ಲ ಕೇಳಿಸಿಕೊಂಡು ಅಮ್ಮ ಹೇಳಿದ್ದು ಇಷ್ಟೇ: “ಇಟ್ಟುಕೊಳ್ಳುವುದಾದರೆ ಓಡಿಸಿ, ಇಲ್ಲದಿದ್ದರೆ ಕೊಟ್ಟುಬಿಡಿ. ದಿನಾ ಬೆಳಿಗ್ಗೆ ರಂಗೋಲಿ ಹಾಕುವಾಗ ಅದು ಕೊಳೆಯುವುದನ್ನು ನೋಡಲು ನನ್ನಿಂದಾಗುವುದಿಲ್ಲ. ದೀಪಾವಳಿಯವರೆಗೆ ನೋಡುತ್ತೇನೆ.” ಅಮ್ಮನಿಗೆ 84 ವರ್ಷ. ನಮಗೆ ಸಿಕ್ಕಿದ್ದು ಏಳು ತಿಂಗಳು, ಅದರಲ್ಲೂ ಮಳೆಗಾಲದಲ್ಲಿ ತೋಟ ಬಿಟ್ಟು ಬರುವಂತಿಲ್ಲ.

ಟಾರ್ಪಾಲು ಎತ್ತಿ ನೋಡಿದಾಗ ಎದೆ ಒಡೆಯಿತು. ಕಾರಿನ ಮೇಲ್ಭಾಗವೆಲ್ಲ ಬಿಳಿಚಿಕೊಂಡು ಹಳೆಯ ಸ್ಲೇಟಿನಂತಾಗಿತ್ತು. ಕೈಯಾಡಿಸಿದರೆ ಸುಣ್ಣದಂಥ ಪುಡಿ. ಹೊಂಗೆಯ ಜಿಗುಟು ಬಿದ್ದ ಕಡೆ ಕಪ್ಪು ಚುಕ್ಕೆ. ಟಾರ್ಪಾಲು ಒಳಗಿನ ತೇವವನ್ನು ಹೊರಗೆ ಬಿಡದೆ ಕೆಲವು ಕಡೆ ಬಣ್ಣ ಗುಳ್ಳೆ ಎದ್ದಿತ್ತು. ಹಸಿ ಅಡಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆಂದು ಸದಸ್ಯರಿಗೆ ವರ್ಷ ವರ್ಷವೂ ಸುತ್ತೋಲೆ ಕಳಿಸುವ ನಾವೇ ಕಾರಿಗೆ ಅದನ್ನು ಮಾಡಿದ್ದೆವು. ಹೊದಿಸುವುದಾದರೆ ಗಾಳಿಯಾಡುವ ಬಟ್ಟೆಯೇ ಆಗಬೇಕು.

ಮೊದಲು ವಿಚಾರಿಸಿದ ಗ್ಯಾರೇಜಿನವರು ಕಾರನ್ನು ಒಂದು ಸುತ್ತು ಬಂದು, ಎಲ್ಲ ಕೆರೆದು ಹೊಸ ಬಣ್ಣ ಹೊಡೆಯಲು 1,10,000 ರೂಪಾಯಿ ಎಂದರು. ಅವರು ನೋಡಿದ್ದು ಬಣ್ಣವನ್ನು ಮಾತ್ರ. ಆಮೇಲೆ ಪರಿಚಿತರೊಬ್ಬರು ಕಾಮಾಕ್ಷಿಪಾಳ್ಯದ ಕಡೆಯ ಹಿರಿಯ ಟಿಂಕರ್ ಒಬ್ಬರನ್ನು ಕರೆತಂದರು. ಈ ಯಜಮಾನರು ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಜೇಬಿನಿಂದ ಒಂದು ಅಯಸ್ಕಾಂತ ಮತ್ತು ಸ್ಕ್ರೂಡ್ರೈವರ್ ತೆಗೆದು ನೆಲದ ಮೇಲೆ ಮಲಗಿಯೇಬಿಟ್ಟರು. ಅಯಸ್ಕಾಂತ ಕಚ್ಚಿಕೊಂಡರೆ ಒಳಗೆ ತಗಡು ಇದೆ, ಜಾರಿದರೆ ಪುಟ್ಟಿ ಮೆತ್ತಿದ್ದಾರೆಂದು ಅರ್ಥ. ಎಡಗಡೆಯ ಬಾಗಿಲುಗಳ ಕೆಳಗಿನ ಪಟ್ಟಿಯಲ್ಲಿ ಒಂದೂವರೆ ಅಡಿ ಉದ್ದಕ್ಕೆ ಅದು ಜಾರಿತು. ಹತ್ತು ಹನ್ನೆರಡು ವರ್ಷದ ಹಿಂದೆ ಯಾವುದೋ ಗ್ಯಾರೇಜಿನಲ್ಲಿ ತುಕ್ಕಿನ ಮೇಲೆಯೇ ಪುಟ್ಟಿ ತುಂಬಿ ನೀಲಿ ಬಳಿದು ಕೊಟ್ಟಿದ್ದರು, ಅಪ್ಪಯ್ಯ ಅದನ್ನು ನಂಬಿ ಹಣ ಕೊಟ್ಟಿದ್ದರು. “ಬಣ್ಣ ಆಮೇಲೆ ನೋಡೋಣ ಸಾರ್. ಈ ಗಾಡಿಗೆ ಬೇರೆ ಚಾಸಿಸ್ ಇಲ್ಲ, ಬಾಡಿನೇ ಚಾಸಿಸ್ಸು. ಇದು ಹೋದ್ರೆ ಗಾಡಿನೇ ಹೋಯ್ತು” ಎಂದರು ಯಜಮಾನರು. ನಿಜ. ಹಳೆಯ ಜೀಪುಗಳಿಗೆ ಕೆಳಗೆ ಪ್ರತ್ಯೇಕ ಚೌಕಟ್ಟು ಇರುತ್ತದೆ, ಮೇಲಿನ ತಗಡು ತೂತಾದರೂ ಗಾಡಿ ನಿಲ್ಲುತ್ತದೆ. ಪದ್ಮಿನಿಗೂ ಅಂಬಾಸಿಡರಿಗೂ ಹಾಗಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ಇವೇ ಭಾರ ಹೊರುವ ಎಲುಬು.

ನಂತರ ಡಿಕ್ಕಿಯ ರಬ್ಬರ್ ಹಾಸನ್ನು ಎತ್ತಿದರು. ಕೆಳಗಿನ ರಸ್ತೆ ಕಾಣಿಸಿತು.

ಯಜಮಾನರಿಗೆ ಆಶ್ಚರ್ಯ. ನೀರು ನಿಂತರೆ ಅಂಚಿನಿಂದ ತುಕ್ಕು ಹಿಡಿಯಬೇಕು, ಇದು ನಟ್ಟನಡುವೆ ತಿಂದಿದೆ, ತಗಡಿನ ಮೇಲೆ ಅಲ್ಲಲ್ಲಿ ಹಸಿರು ಕಲೆ, ಕೆಂಪು ಕಲೆ. ಅವರಿಗೆ ತಿಳಿಯದ್ದು ನಮಗೆ ತಟ್ಟನೆ ತಿಳಿಯಿತು. 26 ವರ್ಷ ಆ ಡಿಕ್ಕಿಯಲ್ಲಿ ಪ್ರತಿ ಮಳೆಗಾಲಕ್ಕೂ ಮೈಲುತುತ್ತದ ಚೀಲಗಳು ಬರುತ್ತಿದ್ದವು. ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಮಾಡುವವರು ತಿಳಿದೇ ಇರುವಂತೆ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸುವುದಿಲ್ಲ. ಮಿಶ್ರಣ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನು ಅದ್ದುತ್ತೇವೆ, ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಅಲ್ಲಿ ನಡೆಯುವುದೇನು? ದ್ರಾವಣದ ತಾಮ್ರ ಹೊರಬಂದು ಕೂರುತ್ತದೆ, ಅದರ ಜಾಗಕ್ಕೆ ಚಾಕುವಿನ ಕಬ್ಬಿಣ ಕರಗಿ ಹೋಗುತ್ತದೆ. ಡಿಕ್ಕಿಯಲ್ಲಿ ನಡೆದದ್ದೂ ಅದೇ. ಚೀಲದಿಂದ ಸೋರಿದ ಹರಳು, ಒದ್ದೆ ಗೋಣಿಯ ನೀರು, ಅಪ್ಪಯ್ಯನ ಹೊಸ ಕಾರಿನ ತಗಡು. ಮೇಲಿಂದ ಪೊಟ್ಯಾಷ್ ಗೊಬ್ಬರದ ಚೀಲಗಳು ಬೇರೆ, ಅದೂ ಒಂದು ಜಾತಿಯ ಉಪ್ಪೇ. ಚಾಕುವಿನ ಪರೀಕ್ಷೆಯನ್ನು ನಮಗೆ ಹೇಳಿಕೊಟ್ಟವರೇ ಅಪ್ಪಯ್ಯ. ಕಾರಿನ ಡಿಕ್ಕಿಯೂ ಚಾಕುವಿನ ಹಾಗೆ ಕಬ್ಬಿಣ ಎಂಬುದು ಅವರಿಗೂ ಹೊಳೆಯಲಿಲ್ಲ, ವಿಜ್ಞಾನದ ಪದವಿ ಪಡೆದು ಬಂದ ನಮಗೂ ಹೊಳೆಯಲಿಲ್ಲ. ಹೊರಗಿನ ಬಿಸಿಲು ತಿಂದದ್ದನ್ನು ಊರೆಲ್ಲ ನೋಡಿತು, ಒಳಗಿನಿಂದ ನಾವೇ ತಿನ್ನಿಸಿದ್ದು ಹಾಸಿನ ಕೆಳಗಿತ್ತು. ಈಗ ಪಿಕಪ್ ವಾಹನಗಳಲ್ಲಿ ಮೈಲುತುತ್ತ ಒಯ್ಯುವ ಸದಸ್ಯರು ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಬೇಕು, ಇಳಿಸಿದ ದಿನವೇ ನೀರು ಬಿಟ್ಟು ತೊಳೆಯಬೇಕು. ಸಂಘದ ಗೋದಾಮಿನ ಎದುರಿನ ನಲ್ಲಿ ಅದಕ್ಕಾಗಿಯೇ ಇದೆ, ಆದರೆ ಬಳಸುವವರು ಕಡಿಮೆ.

ಡಿಕ್ಕಿಯ ನೆಲವನ್ನು ಕತ್ತರಿಸಿ ಹೊಸ ತಗಡು ಕೂರಿಸಿದ್ದಾಯಿತು. ಎಡಗಡೆಯ ಪಟ್ಟಿಯ ಪುಟ್ಟಿಯನ್ನೆಲ್ಲ ಕಿತ್ತು ಬೆಸುಗೆ ಹಾಕಿದರು. ಬಾಗಿಲುಗಳ ತಳದಲ್ಲಿ ನೀರು ಹೊರಹೋಗಲು ಸಣ್ಣ ಕಿಂಡಿಗಳಿರುತ್ತವೆ, ಅವು ಮಣ್ಣು ತುಂಬಿ ಮುಚ್ಚಿದ್ದವು. ಒಂದು ಕಡ್ಡಿಯಿಂದ ಚುಚ್ಚಿದರೆ ಸರಿಹೋಗುವ ಇದನ್ನು ಹತ್ತು ವರ್ಷದಿಂದ ಯಾರೂ ಮಾಡಿರಲಿಲ್ಲ.

ಇನ್ನು ಬಣ್ಣದ ವಿಚಾರ. ಬಣ್ಣವೆಂದರೆ ವರ್ಣದ ಪುಡಿ, ಅದನ್ನು ಹಿಡಿದಿಡುವ ಅಂಟು, ಎರಡನ್ನೂ ತೆಳುವಾಗಿಸುವ ದ್ರವ. ದ್ರವ ಒಣಗಿ ಹೋಗುತ್ತದೆ. ಉಳಿದ ಅಂಟನ್ನು ಬಿಸಿಲಿನ ನೇರಳಾತೀತ ಕಿರಣ ವರ್ಷಗಟ್ಟಲೆ ಒಡೆಯುತ್ತದೆ. ಹಿಡಿತ ತಪ್ಪಿದ ವರ್ಣದ ಪುಡಿ ಮೇಲೆ ಸಡಿಲವಾಗಿ ಉಳಿಯುತ್ತದೆ, ಕೈಗೆ ಹತ್ತುವ ಸುಣ್ಣ ಅದೇ. ಮುಖ್ಯವಾದ ಮಾತೆಂದರೆ ಇದು ಮೇಲ್ಪದರದ ಕಥೆ ಮಾತ್ರ. ಆ ಕಾಲದ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಲೇಪ ಇರುತ್ತಿರಲಿಲ್ಲ, ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ. ಸತ್ತ ಪದರವನ್ನು ಉಜ್ಜಿ ತೆಗೆದರೆ ಕೆಳಗೆ ಜೀವಂತ ಬಣ್ಣ ಸಿಕ್ಕೀತು. ಇತ್ತೀಚಿನ ಕಾರುಗಳಲ್ಲಿ ಬಣ್ಣದ ಮೇಲೆ ಬೇರೆಯೇ ಒಂದು ಪಾರದರ್ಶಕ ಪದರವಿರುತ್ತದೆ, ಅದು ಹಾವಿನ ಪೊರೆಯಂತೆ ಏಳತೊಡಗಿದರೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ನಿಮ್ಮ ಕಾರಿನದು ಯಾವ ಬಗೆ ಎಂದು ತಿಳಿಯಲು ಕಾಸು ಖರ್ಚಿಲ್ಲದ ಎರಡು ಪರೀಕ್ಷೆಗಳಿವೆ. ಚೆನ್ನಾಗಿ ತೊಳೆದ ಮೇಲೆ ಒಂದು ಜಾಗವನ್ನು ಒದ್ದೆ ಮಾಡಿ ನೋಡಿ. ಒದ್ದೆಯಾದಾಗ ಹಳೆಯ ಬಣ್ಣ ಗಾಢವಾಗಿ ಕಂಡರೆ ಉಜ್ಜುವುದರಿಂದಲೂ ಅದು ಹೆಚ್ಚುಕಡಿಮೆ ಹಾಗೇ ಬರುತ್ತದೆ. ಆಮೇಲೆ ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ ತಿಕ್ಕಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಒಂದೇ ಪದರದ ಹಳೆಯ ಬಣ್ಣ. ನಮ್ಮ ಬಟ್ಟೆ ನೀಲಿಯಾಯಿತು. ನೋಡುತ್ತಾ ನಿಂತಿದ್ದ ಅಮ್ಮ, “ಆದರೆ ಇಷ್ಟು ತಿಳಿ ಇರಲಿಲ್ಲ” ಎಂದರು. ನಾವು ಒಪ್ಪಲಿಲ್ಲ, ನಮ್ಮ ನೆನಪಿನಲ್ಲಿ ಆಕಾಶದ ನೀಲಿಯೇ ಇತ್ತು. ಕೊನೆಗೆ ಹಿಂದಿನ ನಂಬರ್ ಪ್ಲೇಟನ್ನು ಬಿಚ್ಚಿದಾಗ ಅದರ ಹಿಂದೆ 1978ರ ನೀಲಿ ಬಿಸಿಲು ಕಾಣದೆ ಹಾಗೇ ಉಳಿದಿತ್ತು. ಅಮ್ಮ ಹೇಳಿದ್ದೇ ಸರಿ.

ಅಲ್ಲಿಗೆ ಪೂರ್ತಿ ಹೊಸ ಬಣ್ಣದ ಮಾತು ಬಿದ್ದುಹೋಯಿತು. ಹೊಸ ತಗಡು ಹಾಕಿದ ಕೆಳಭಾಗಕ್ಕೆ, ಡಿಕ್ಕಿಯ ಒಳಗೆ ಮತ್ತು ಗುಳ್ಳೆ ಎದ್ದ ಕಡೆ ಮಾತ್ರ ಹೊಸ ಬಣ್ಣ. ಉಳಿದದ್ದನ್ನು ಉಜ್ಜಿ ಬರಿಸುವುದು. ನಂಬರ್ ಪ್ಲೇಟಿನ ಹಿಂದಿನ ನೀಲಿಯನ್ನು ತೋರಿಸಿಯೇ ಅಂಗಡಿಯಲ್ಲಿ ಬಣ್ಣ ಕಲಸಿಸಿದೆವು. ಆದರೆ ಮಿಕ್ಕ ಕಾರು ಅಷ್ಟು ಗಾಢವಾಗಿ ಉಳಿದಿರಲಿಲ್ಲವಾದ್ದರಿಂದ ಪೇಂಟರ್ ಎರಡು ಹನಿ ಬಿಳಿ ಸೇರಿಸಿ ಹೊಂದಿಸಿದ. ಹಳೆಯ ಗ್ಯಾರೇಜುಗಳಲ್ಲಿ ಡ್ಯೂಕೊ ಎಂದು ಕರೆಯುವ ಬೇಗ ಒಣಗುವ ಬಣ್ಣವೂ ಇದೆ, ಗಟ್ಟಿಕಾರಕ ಬೆರೆಸಿ ಹೊಡೆಯುವ ಹೊಸ ಬಗೆಯೂ ಇದೆ. ಎರಡನೆಯದು ಹೆಚ್ಚು ಬಾಳುತ್ತದೆ. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಎಂಬ ವಸ್ತು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಮನೆಯ ಶೆಡ್ಡಿನಲ್ಲಿ ಔಷಧಿ ಸಿಂಪಡಿಸುವ ಧೈರ್ಯದಲ್ಲೇ ಇದನ್ನೂ ಹೊಡೆದೇವೆಂದು ಯಾರೂ ಹೊರಡಬಾರದು.

ಉಜ್ಜುವ ಕೆಲಸವನ್ನು ಸೋದರಳಿಯನೂ ನಾವೂ ಮನೆಯ ಮುಂದೆಯೇ ಮಾಡಿದೆವು. ಕಪ್ಪು ಹಾಳೆಯ ಆಸೆ ಬಿಟ್ಟು ಅವನೇ ಒಂದು ಸಣ್ಣ ಪಾಲಿಶಿಂಗ್ ಯಂತ್ರ ಕೊಂಡುತಂದಿದ್ದ. ಮೊದಲು ರಬ್ಬಿಂಗ್ ಕಾಂಪೌಂಡ್, ಆಮೇಲೆ ನಯವಾದ ಪಾಲಿಶ್, ಕೊನೆಗೆ ಮೇಣ. ಎಡ ಮಡ್‌ಗಾರ್ಡಿನ ಅರ್ಧ ಭಾಗ ಮುಗಿದಾಗ ನಡುವೆ ಗೆರೆ ಎಳೆದಂತೆ ಈಚೆ ನೀಲಿ, ಆಚೆ ಬೂದಿ. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಆ ಉತ್ಸಾಹದಲ್ಲೇ ನಾವು ಕೆಟ್ಟೆವು. ಕಾರಿನ ಬಣ್ಣವೆಂದರೆ ಎಲ್ಲ ಪದರ ಸೇರಿ ಒಂದೆರಡು ತಲೆಗೂದಲಿನ ದಪ್ಪ ಅಷ್ಟೆ. ಉಬ್ಬು, ಅಂಚುಗಳಲ್ಲಿ ಅದು ಇನ್ನೂ ತೆಳು. ಯಂತ್ರ ಹಿಡಿಯುವ ಮೊದಲು ಅಂಚುಗಳಿಗೆಲ್ಲ ಟೇಪ್ ಹಚ್ಚಬೇಕೆಂದು ಯಜಮಾನರು ಹೇಳಿದ್ದರು. ಬಾನೆಟ್ಟಿಗೆ ಬರುವಷ್ಟರಲ್ಲಿ ಟೇಪ್ ಮುಗಿದಿತ್ತು, ಅಂಗಡಿಗೆ ಹೋಗಲು ಸೋಮಾರಿತನ. ಬಾನೆಟ್ಟಿನ ನಡುವಿನ ಉಬ್ಬಿನ ಮೇಲೆ ಯಂತ್ರ ಎರಡು ಕ್ಷಣ ಹೆಚ್ಚು ನಿಂತಿತು. ಎತ್ತಿ ನೋಡಿದರೆ ಎರಡು ಬೆರಳಗಲ ಕೆಳಗಿನ ಪ್ರೈಮರ್ ಇಣುಕುತ್ತಿತ್ತು. 45 ವರ್ಷದ ಬಿಸಿಲಿಗೆ ಆಗದ್ದನ್ನು ನಾವು ಎರಡು ಕ್ಷಣದಲ್ಲಿ ಮಾಡಿ ಮುಗಿಸಿದ್ದೆವು. ಯಂತ್ರ ನಮ್ಮ ಕೈಯಲ್ಲೇ ಇತ್ತು, ಸೋದರಳಿಯನನ್ನು ಬೈಯಲೂ ಅವಕಾಶವಿರಲಿಲ್ಲ.

ಮೇಣದ ಬಗ್ಗೆ ಒಂದು ಮಾತು. ಕಾರಿಗೆ ಹಚ್ಚುವ ಒಳ್ಳೆಯ ಮೇಣಗಳಲ್ಲಿ ಕಾರ್ನೌಬ ಎಂಬುದು ಹೆಸರುವಾಸಿ. ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಗಳ ಮೇಲಿನ ಮೇಣ ಅದು. ನಮ್ಮ ಅಡಿಕೆ ಮರದ ಕುಲದ್ದೇ. ಬ್ರೆಜಿಲಿನ ಹಿಮದಿಂದ ಬಂದ ಕಾರಿಗೆ ಕೊನೆಗೆ ಬ್ರೆಜಿಲಿನ ಮೇಣವೇ ಬಿತ್ತೆಂದು ಅಮ್ಮನಿಗೆ ಹೇಳಿದೆವು. “ಅವರಿಗೆ ಹಿಮ ಬಿದ್ದದ್ದು ಪಾಪ ಅಲ್ಲವೇನೋ” ಎಂದರು. ಸಿಲಿಕೋನ್ ಇರುವ ಪಾಲಿಶ್ ಹಚ್ಚಿದ ಕಡೆ ಮುಂದೆ ಬಣ್ಣ ಹೊಡೆದರೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ, ಆದ್ದರಿಂದ ಬಣ್ಣದ ಕೆಲಸ ಬಾಕಿಯಿದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಬೇಕು.

ಯಂತ್ರಭಾಗದ ಕೆಲಸದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಪೆಟ್ರೋಲ್ ಟ್ಯಾಂಕ್ ತೊಳೆಸಿ, ಕಾರ್ಬೊರೇಟರ್ ಬಿಚ್ಚಿ, ನಾಲ್ಕೂ ಚಕ್ರದ ಬ್ರೇಕು ಹೊಸದು ಮಾಡಿಸಿದ್ದಾಯಿತು. ಬಿಡಿಭಾಗಗಳು ಜೆ.ಸಿ. ರಸ್ತೆಯಲ್ಲಿ ಈಗಲೂ ಸಿಗುತ್ತವೆ, ಅಂಗಡಿ ಅಂಗಡಿ ಅಲೆಯುವ ವ್ಯವಧಾನವಿರಬೇಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಆ ಕಾಲದ ರಬ್ಬರ್ ಪೈಪು, ವಾಷರುಗಳನ್ನು ಅದು ಮೆತ್ತಗಾಗಿಸುತ್ತದೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಪೈಪು ಸೋರಿದರೆ ಉಳಿದ ಕೆಲಸವೆಲ್ಲ ಬೂದಿ. ಎಥೆನಾಲ್ ತಡೆಯುವ ಹೊಸ ಪೈಪುಗಳನ್ನು ಮೊದಲು ಹಾಕಿಸಿ.

ನಾವು ಮಾಡಿದ ದೊಡ್ಡ ತಪ್ಪು ಕಾಗದಪತ್ರದ್ದು. ಕಾರು ಅಪ್ಪಯ್ಯನ ಹೆಸರಿನಲ್ಲೇ ಇತ್ತು. ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಹಾಕಬೇಕು. ನಾವು ನಾಲ್ಕು ವರ್ಷ ಕಳೆದಿದ್ದೆವು. ಬೆಸುಗೆಯ ಹಣವೆಲ್ಲ ಕೊಟ್ಟಾದ ಮೇಲೆ ರಾಜಾಜಿನಗರದ ಕಚೇರಿಗೆ ಹೋದಾಗಲೇ ಇದು ಅರಿವಿಗೆ ಬಂದದ್ದು. ಅಮ್ಮ, ತಂಗಿ ಒಪ್ಪಿಗೆ ಕೊಟ್ಟರು. ಹೊರದೇಶದಲ್ಲಿರುವ ತಮ್ಮನ ಪ್ರಮಾಣಪತ್ರ ಬರಲು ಎರಡು ತಿಂಗಳು ಹಿಡಿಯಿತು. ಅವನಿಗೇನಾದರೂ ಮನಸ್ತಾಪವಿದ್ದಿದ್ದರೆ ನಾವು ಪರರ ಕಾರಿಗೆ ಲಕ್ಷದ ಹತ್ತಿರ ಸುರಿದಂತಾಗುತ್ತಿತ್ತು. ಸದಸ್ಯರು ಕಾಗದದ ಕೆಲಸವನ್ನು ಮೊದಲು ಹಿಡಿಯಬೇಕು.

15 ವರ್ಷ ದಾಟಿದ ಕಾರನ್ನೆಲ್ಲ ಸರ್ಕಾರ ಹಿಡಿದೊಯ್ಯುತ್ತದೆಂಬ ಸುದ್ದಿ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. ದೆಹಲಿಯ ಕಟ್ಟುಪಾಡನ್ನು ನಮಗೆ ಅಂಟಿಸಿ ಹೆದರಿಸುವ ಮಾತು ಅದು. ಕರ್ನಾಟಕದಲ್ಲಿ ಖಾಸಗಿ ಕಾರನ್ನು ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ನಮೂನೆ 25, ವಿಮೆ, ಹೊಗೆ ತಪಾಸಣೆಯ ಪತ್ರ, ಹಸಿರು ತೆರಿಗೆ ಬೇಕು. ಶುಲ್ಕ ಮಾತ್ರ ಏರುತ್ತಲೇ ಇದೆ. 2022ರ ಏಪ್ರಿಲಿನಲ್ಲಿ ಕಾರಿಗೆ 5,000 ರೂಪಾಯಿ ಆಯಿತು, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯಿತು. ಕಟ್ಟುವ ದಿನದ ದರವನ್ನು ಕಚೇರಿಯಲ್ಲೇ ವಿಚಾರಿಸುವುದು ಒಳ್ಳೆಯದು. ಬಣ್ಣವೂ ನೋಂದಣಿ ಪುಸ್ತಕದಲ್ಲಿ ದಾಖಲಾಗಿರುತ್ತದೆ, ಬೇರೆ ಬಣ್ಣ ಮಾಡಿಸಿದರೆ ಅದನ್ನೂ ತಿದ್ದಿಸಬೇಕು. ಇದನ್ನು ಕೇಳಿದ ಮೇಲೆಯೇ ಸೋದರಳಿಯ ಪೂರ್ತಿ ತಣ್ಣಗಾದದ್ದು. ತಪಾಸಣೆಯಲ್ಲಿ ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಅಚ್ಚು ತೆಗೆಯುತ್ತಾರೆ. ಟಿಂಕರಿಂಗ್ ಮಾಡುವವರು ಗೊತ್ತಿಲ್ಲದೆ ಆ ಜಾಗವನ್ನು ಉಜ್ಜಿಬಿಟ್ಟರೆ ದೊಡ್ಡ ಫಜೀತಿ. ಗಾಡಿ ಕೊಡುವ ಮುನ್ನ ನಂಬರಿಗೆ ಗ್ರೀಸ್ ಹಚ್ಚಿ ಟೇಪ್ ಅಂಟಿಸಿ, ಒಂದು ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಇದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿ, ಚಾಸಿಸ್, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಡೀಸೆಲ್ ಎಂಜಿನ್ ಕೂರಿಸಿದ ಅಂಬಾಸಿಡರಿನವರು ಇದನ್ನು ಗಮನಿಸಬೇಕು. ನಮ್ಮದಕ್ಕೆ 2028ರಲ್ಲಿ 50 ತುಂಬುತ್ತದೆ. ನಮಗೆ ಅದು ಬೇಕಾಗಿಲ್ಲ. ಹೊಳೆಹೊಳೆಯುವ ಹಳೆಯ ಕಾರುಗಳನ್ನು ನೋಡಬೇಕಾದರೆ ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಸಂಗ್ರಹವೇ ಇದೆ. ನಮ್ಮದು ತರಕಾರಿ ತರುವ ಕಾರು.

ಲೆಕ್ಕ ಒಪ್ಪಿಸದೆ ಕಾರ್ಯದರ್ಶಿ ಬರೆದ ಲೇಖನ ಪೂರ್ತಿಯಾಗುವುದಿಲ್ಲ. ಟಿಂಕರಿಂಗ್ ಮತ್ತು ಬೆಸುಗೆಗೆ 38,000, ಕೆಳಭಾಗದ ಬಣ್ಣಕ್ಕೆ 22,000, ಯಂತ್ರಭಾಗಕ್ಕೆ 31,000, ಉಜ್ಜುವ ಯಂತ್ರವೂ ಸೇರಿ ಪಾಲಿಶಿಗೆ 6,000, ಒಟ್ಟು 97,000 ರೂಪಾಯಿ. ಕಚೇರಿಯ ಶುಲ್ಕ, ದಂಡ, ವಿಮೆ ಬೇರೆ. ಎರಡು ಕ್ವಿಂಟಾಲ್ ರಾಶಿ ಅಡಿಕೆಯ ಹಣವೆಂದು ಸ್ಥೂಲವಾಗಿ ಹಿಡಿಯಬಹುದು. ಗುಜರಿಯವನು ಕೊಡುತ್ತೇನೆಂದ ಹಣ ಇದರ ಕಾಲುಭಾಗವೂ ಇರಲಿಲ್ಲ. ಲಾಭ ನಷ್ಟದ ಲೆಕ್ಕದಲ್ಲಿ ಇದು ನಷ್ಟವೇ, ಅದನ್ನು ಮುಚ್ಚಿಡುವುದಿಲ್ಲ. ಊಟದ ಎಲೆಯ ಮುಂದೆ ಪ್ರಶ್ನೆ ಕೇಳಿದ ಹಿರಿಯರಿಗೆ ನಾವು ಹೇಳುವುದಿಷ್ಟು: ಬಣ್ಣವನ್ನು ನೋಡಿ ತೀರ್ಮಾನಿಸಬೇಡಿ, ಡಿಕ್ಕಿಯ ಹಾಸು ಎತ್ತಿ ನೋಡಿ. ಅಲ್ಲಿ ನೆಲ ಗಟ್ಟಿಯಿದ್ದರೆ ಇಟ್ಟುಕೊಳ್ಳಿ. ಬಾಗಿಲ ಕೆಳಗಿನ ಪಟ್ಟಿ ಎರಡೂ ಕಡೆ ಹೋಗಿದ್ದರೆ, ಅದು ಎಷ್ಟೇ ಹೊಳೆಯುತ್ತಿದ್ದರೂ ಕೊಟ್ಟುಬಿಡಿ.

ನೀರು ತುಂಬುವ ಹಬ್ಬದ ಹಿಂದಿನ ದಿನ ನವೀಕರಣದ ಪತ್ರ ಕೈಗೆ ಬಂತು. ಮರುದಿನ ಸಂಜೆ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾವನೂರು ವೃತ್ತದವರೆಗೆ ಹೋಗಿ ಸೇವಂತಿಗೆ ಹೂವು ತಂದೆವು. ದಾರಿಯಲ್ಲಿ ಅವರು ಹೆಚ್ಚೇನೂ ಮಾತಾಡಲಿಲ್ಲ. ಮನೆ ಮುಂದೆ ಇಳಿದ ಮೇಲೆ ಬಾನೆಟ್ಟಿನ ಆ ಎರಡು ಬೆರಳಗಲದ ಕಲೆಯನ್ನು ಸೆರಗಿನಿಂದ ಒರೆಸಿ ನೋಡಿ, “ಇದು ಹೋಗುವುದಿಲ್ಲವಾ?” ಎಂದು ಕೇಳಿದರು. ಹೋಗುವುದಿಲ್ಲ ಎಂದೆವು.

ಬಲಗಡೆಯ ಪಟ್ಟಿಯ ಕೆಲಸ ಬಾಕಿಯಿದೆ, ಕೊಯ್ಲು ಮುಗಿದ ಮೇಲೆ ಮಾಡಿಸಬೇಕು. ಪಾಲಿಶಿಂಗ್ ಯಂತ್ರವನ್ನು ಸೋದರಳಿಯ ಸಂಘಕ್ಕೆ ಕೊಟ್ಟಿದ್ದಾನೆ, ಅದು ಗೋದಾಮಿನಲ್ಲಿದೆ. ಬೇಕಾದ ಸದಸ್ಯರು ಗುಮಾಸ್ತರಲ್ಲಿ ಸಹಿ ಹಾಕಿ ಒಂದು ವಾರದ ಮಟ್ಟಿಗೆ ಒಯ್ಯಬಹುದು. ಜೊತೆಗೆ ಎರಡು ಸುರುಳಿ ಟೇಪನ್ನೂ ಇಟ್ಟಿದ್ದೇವೆ.